ಹಳೆಯ ಎಸ್‌ಯುವಿ ವಾಹನಗಳಲ್ಲಿ ಏರ್ ಸಸ್ಪೆನ್ಷನ್ ಬದಲಿಗೆ ಕಾಯಿಲ್ ಸ್ಪ್ರಿಂಗ್ ಅಳವಡಿಕೆ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಏರ್ ಸಸ್ಪೆನ್ಷನ್ ಹೊಂದಿರುವ ದುಬಾರಿ ಎಸ್‌ಯುವಿ ವಾಹನಗಳು ಹತ್ತು ಹನ್ನೆರಡು ವರ್ಷ ಹಳೆಯದಾದ ನಂತರ ಕಡಿಮೆ ಬೆಲೆಗೆ ಎರಡನೆಯ ಅಥವಾ ಮೂರನೆಯ ಮಾಲೀಕರ ಕೈ ಸೇರುತ್ತವೆ. ವಾಹನದ ಬೆಲೆ ಇಳಿದಿದ್ದರೂ ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಸಸ್ಪೆನ್ಷನ್ ಕೆಟ್ಟು ವಾಹನವು ನೆಲಕ್ಕೆ ಕುಸಿದಾಗ ಅನೇಕ ಮಾಲೀಕರು ಏರ್ ಸಸ್ಪೆನ್ಷನ್ ತೆಗೆಸಿ ಸಾಮಾನ್ಯ ಕಾಯಿಲ್ ಸ್ಪ್ರಿಂಗ್ ಹಾಕಿಸಲು ಮುಂದಾಗುತ್ತಾರೆ. ಈ ಕೆಲಸವನ್ನು ಕೇವಲ ಬಿಡಿಭಾಗ ಬದಲಾವಣೆಯೆಂದು ಭಾವಿಸಿ, ಯಾವ ದಾಖಲೆಯನ್ನೂ ಇಟ್ಟುಕೊಳ್ಳದೆ ಮಾಡಿಸಿದಲ್ಲಿ, ನೋಂದಣಿ ನವೀಕರಣ, ಮಾಲೀಕತ್ವ ವರ್ಗಾವಣೆ ಅಥವಾ ವಿಮಾ ಪರಿಹಾರ ಕೋರುವ ಸಂದರ್ಭದಲ್ಲಿ ತೊಂದರೆ ಎದುರಾಗುವ ಸಂಭವವಿರುತ್ತದೆ.

ಸಸ್ಪೆನ್ಷನ್ ಎಂಬುದು ಪ್ರಯಾಣದ ಸುಖಕ್ಕೆ ಮಾತ್ರ ಸಂಬಂಧಿಸಿದ ವ್ಯವಸ್ಥೆಯಲ್ಲ. ಬ್ರೇಕ್, ಸ್ಟೇರಿಂಗ್, ಟೈರ್ ಮತ್ತು ಹೆಡ್‌ಲೈಟ್ ಸರಿಯಾಗಿ ಕೆಲಸ ಮಾಡುವುದು ಸಸ್ಪೆನ್ಷನ್‌ನ ಸ್ಥಿತಿಯನ್ನು ಅವಲಂಬಿಸಿದೆ. ಆದುದರಿಂದ ವಾಹನ ಮಾಲೀಕರು ಮೂರು ವಿಷಯಗಳನ್ನು ಈ ಕ್ರಮದಲ್ಲಿಯೇ ಇತ್ಯರ್ಥಪಡಿಸಿಕೊಳ್ಳತಕ್ಕದ್ದು: ಮೊದಲನೆಯದಾಗಿ, ದೋಷವು ನಿಜವಾಗಿ ಯಾವ ಭಾಗದಲ್ಲಿದೆ, ಎರಡನೆಯದಾಗಿ, ದುರಸ್ತಿಯಿಂದಲೇ ಅದು ನಿವಾರಣೆಯಾಗುವುದೇ, ಮೂರನೆಯದಾಗಿ, ಬದಲಾವಣೆ ಅನಿವಾರ್ಯವಾದಲ್ಲಿ ಅದಕ್ಕೆ ನೋಂದಣಿ ಪ್ರಾಧಿಕಾರದ ಅಭಿಪ್ರಾಯವೇನು. ಕೆಲಸ ಮುಗಿದ ಮೇಲೆ ಕೇಳುವುದಕ್ಕಿಂತ ಕೆಲಸಕ್ಕೆ ಮೊದಲೇ ಕೇಳುವುದು ಮಾಲೀಕರ ಹಿತದೃಷ್ಟಿಯಿಂದ ಸೂಕ್ತ.

2. ಏರ್ ಸಸ್ಪೆನ್ಷನ್ ಕಾರ್ಯವಿಧಾನ

ಸಾಮಾನ್ಯ ವಾಹನದಲ್ಲಿ ಉಕ್ಕಿನ ಸುರುಳಿ ಅಥವಾ ಉಕ್ಕಿನ ಪಟ್ಟಿಗಳು ವಾಹನದ ಭಾರವನ್ನು ಹೊರುತ್ತವೆ. ಏರ್ ಸಸ್ಪೆನ್ಷನ್‌ನಲ್ಲಿ ಈ ಕೆಲಸವನ್ನು ಗಾಳಿ ತುಂಬಿದ ರಬ್ಬರ್ ಚೀಲಗಳು ಮಾಡುತ್ತವೆ. ಇವುಗಳನ್ನು ಏರ್ ಬೆಲ್ಲೋಸ್ ಎಂದು ಕರೆಯಲಾಗುತ್ತದೆ. ಅಪಘಾತದ ಸಮಯದಲ್ಲಿ ಪ್ರಯಾಣಿಕರ ರಕ್ಷಣೆಗಾಗಿ ಉಬ್ಬುವ ಏರ್ ಬ್ಯಾಗ್‌ಗೂ ಇವುಗಳಿಗೂ ಯಾವುದೇ ಸಂಬಂಧವಿರುವುದಿಲ್ಲ. ಕೆಎಸ್‌ಆರ್‌ಟಿಸಿಯ ಐರಾವತ ಸೇವೆಯ ವೋಲ್ವೋ ಬಸ್ಸುಗಳಲ್ಲಿಯೂ ಇದೇ ತತ್ವದ ಸಸ್ಪೆನ್ಷನ್ ಇದೆ. ಎಸ್‌ಯುವಿ ವರ್ಗದಲ್ಲಿ ರೇಂಜ್ ರೋವರ್ ವಾಹನವು 1992ರಲ್ಲಿ ಈ ವ್ಯವಸ್ಥೆಯನ್ನು ಮೊದಲಿಗೆ ಅಳವಡಿಸಿಕೊಂಡಿತು. ನಂತರದ ವರ್ಷಗಳಲ್ಲಿ ಲ್ಯಾಂಡ್ ರೋವರ್ ಡಿಸ್ಕವರಿ, ಮರ್ಸಿಡಿಸ್-ಬೆಂಜ್, ಆಡಿ, ಪೋರ್ಷೆ, ಫೋಕ್ಸ್‌ವ್ಯಾಗನ್ ಮುಂತಾದ ತಯಾರಕರ ದೊಡ್ಡ ವಾಹನಗಳಿಗೂ ಇದು ಬಂದಿತು.

ಈ ವ್ಯವಸ್ಥೆಯ ಮುಖ್ಯ ಭಾಗಗಳು ಕೆಳಕಂಡಂತಿವೆ:

ಅ) ಕಂಪ್ರೆಸರ್: ಹೊರಗಿನ ಗಾಳಿಯನ್ನು ಸೆಳೆದು ಒತ್ತಡಕ್ಕೆ ಒಳಪಡಿಸುವ ವಿದ್ಯುತ್ ಯಂತ್ರ.
ಆ) ಡ್ರೈಯರ್: ಗಾಳಿಯಲ್ಲಿರುವ ತೇವಾಂಶವನ್ನು ಹೀರುವ ಹರಳುಗಳ ಡಬ್ಬಿ.
ಇ) ಗಾಳಿ ಟ್ಯಾಂಕ್: ಒತ್ತಡದ ಗಾಳಿಯನ್ನು ಶೇಖರಿಸಿಡುವ ಭಾಗ.
ಈ) ವಾಲ್ವ್ ಬ್ಲಾಕ್: ಯಾವ ಚಕ್ರಕ್ಕೆ ಎಷ್ಟು ಗಾಳಿ ಹೋಗಬೇಕೆಂಬುದನ್ನು ನಿಯಂತ್ರಿಸುವ ಕವಾಟಗಳ ಸಮೂಹ.
ಉ) ಏರ್ ಬೆಲ್ಲೋಸ್ ಮತ್ತು ಗಾಳಿ ಕೊಳವೆಗಳು.
ಊ) ಎತ್ತರ ಅಳೆಯುವ ಸೆನ್ಸರ್‌ಗಳು ಹಾಗೂ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ.

ವಾಹನಕ್ಕೆ ಜನ ಅಥವಾ ಸಾಮಾನು ಹೆಚ್ಚಾದಾಗ ಸೆನ್ಸರ್‌ಗಳು ವಾಹನ ತಗ್ಗಿರುವುದನ್ನು ಗುರುತಿಸುತ್ತವೆ. ನಿಯಂತ್ರಣ ಘಟಕವು ಬೆಲ್ಲೋಸ್‌ಗೆ ಹೆಚ್ಚು ಗಾಳಿ ತುಂಬಿಸಿ ವಾಹನವನ್ನು ಮೊದಲಿನ ಎತ್ತರಕ್ಕೆ ತರುತ್ತದೆ. ಗಾಳಿಯ ಒತ್ತಡ ಹೆಚ್ಚಿದಂತೆ ಬೆಲ್ಲೋಸ್‌ನ ಬಿಗುವೂ ಹೆಚ್ಚುತ್ತದೆ. ಈ ಕಾರಣದಿಂದ ವಾಹನ ಖಾಲಿಯಿದ್ದರೂ ತುಂಬಿದ್ದರೂ ಅದರ ಎತ್ತರ ಮತ್ತು ಚಲನೆಯ ಗುಣ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಹಲವು ಮಾದರಿಗಳು ಹೆದ್ದಾರಿಯ ವೇಗದಲ್ಲಿ ತಾವಾಗಿಯೇ ತಗ್ಗುತ್ತವೆ; ಕಚ್ಚಾ ರಸ್ತೆಗೆ ಬೇಕಾದಾಗ ಎತ್ತರಿಸಿಕೊಳ್ಳುತ್ತವೆ. ಕಾಯಿಲ್ ಸ್ಪ್ರಿಂಗ್‌ಗೆ ಬದಲಾಯಿಸಿದಾಗ ವಾಹನವು ಕಳೆದುಕೊಳ್ಳುವುದು ಮುಖ್ಯವಾಗಿ ಈ ಎರಡು ಸಾಮರ್ಥ್ಯಗಳನ್ನು.

3. ಹಳೆಯ ವಾಹನಗಳಲ್ಲಿ ಕಂಡುಬರುವ ದೋಷಗಳು

ಏರ್ ಬೆಲ್ಲೋಸ್ ರಬ್ಬರ್‌ನಿಂದ ಮಾಡಿದ್ದು, ಟೈರ್‌ನಂತೆಯೇ ಕಾಲಕ್ರಮೇಣ ಸವೆಯುತ್ತದೆ. ರಬ್ಬರ್ ಮಡಚಿಕೊಳ್ಳುವ ಜಾಗದಲ್ಲಿ ಸಣ್ಣ ಬಿರುಕುಗಳು ಮೂಡಿ ಗಾಳಿ ಸೋರತೊಡಗುತ್ತದೆ. ಸೋರಿಕೆಯನ್ನು ಸರಿದೂಗಿಸಲು ಕಂಪ್ರೆಸರ್ ಬಿಡುವಿಲ್ಲದೆ ಕೆಲಸ ಮಾಡಿ, ಬಿಸಿಯಾಗಿ, ಕೊನೆಗೆ ಸುಟ್ಟುಹೋಗುತ್ತದೆ. ಬೆಲ್ಲೋಸ್‌ನ ಸೋರಿಕೆಯನ್ನು ಸರಿಪಡಿಸದೆ ಹೊಸ ಕಂಪ್ರೆಸರ್ ಹಾಕಿಸಿದಲ್ಲಿ ಅದೂ ಸ್ವಲ್ಪ ಕಾಲದಲ್ಲಿಯೇ ಹಾಳಾಗುತ್ತದೆ. ಡ್ರೈಯರ್‌ನ ಹರಳುಗಳು ತಮ್ಮ ಶಕ್ತಿ ಕಳೆದುಕೊಂಡಾಗ ತೇವಾಂಶವು ಒಳಸೇರಿ ಕವಾಟಗಳನ್ನು ಕೆಡಿಸುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆ, ಕೆಸರು ಹಾಗೂ ಉಪ್ಪಿನಂಶದ ಗಾಳಿಗೆ ಒಡ್ಡಿಕೊಂಡ ವಾಹನಗಳಲ್ಲಿ ಸೆನ್ಸರ್‌ಗಳ ವಿದ್ಯುತ್ ಸಂಪರ್ಕಗಳು ತುಕ್ಕು ಹಿಡಿಯುವುದೂ ಉಂಟು.

ದೋಷದ ಲಕ್ಷಣಗಳಿಂದ ಅದರ ಮೂಲವನ್ನು ಸ್ಥೂಲವಾಗಿ ಹೀಗೆ ಊಹಿಸಬಹುದು:

- ರಾತ್ರಿ ನಿಲ್ಲಿಸಿದ ವಾಹನ ಬೆಳಿಗ್ಗೆ ಒಂದು ಮೂಲೆಯಲ್ಲಿ ಮಾತ್ರ ತಗ್ಗಿದ್ದರೆ: ಆ ಚಕ್ರದ ಬೆಲ್ಲೋಸ್ ಅಥವಾ ಅದರ ಕೊಳವೆಯಲ್ಲಿ ಸೋರಿಕೆ.
- ಮುಂಭಾಗ ಅಥವಾ ಹಿಂಭಾಗದ ಎರಡೂ ಬದಿ ಸಮವಾಗಿ ತಗ್ಗಿದ್ದರೆ: ವಾಲ್ವ್ ಬ್ಲಾಕ್‌ನ ದೋಷವಿರುವ ಸಾಧ್ಯತೆ.
- ಕಂಪ್ರೆಸರ್ ಶಬ್ದ ದೀರ್ಘಕಾಲ ಕೇಳಿಬಂದು ವಾಹನ ನಿಧಾನವಾಗಿ ಮೇಲೇಳುತ್ತಿದ್ದರೆ: ಕಂಪ್ರೆಸರ್ ಸವೆತ ಅಥವಾ ಸೋರಿಕೆ.
- ಕಂಪ್ರೆಸರ್ ಶಬ್ದವೇ ಇಲ್ಲದಿದ್ದರೆ: ಫ್ಯೂಸ್, ರಿಲೇ ಅಥವಾ ಕಂಪ್ರೆಸರ್ ಮೋಟಾರಿನ ದೋಷ.
- ಎತ್ತರ ಸರಿಯಿದ್ದರೂ ಎಚ್ಚರಿಕೆ ದೀಪ ಉರಿಯುತ್ತಿದ್ದರೆ: ಸೆನ್ಸರ್ ಅಥವಾ ವಿದ್ಯುತ್ ಸಂಪರ್ಕದ ದೋಷ.

ಸಂಪೂರ್ಣ ಕುಸಿದಿರುವ ವಾಹನವನ್ನು ಚಲಾಯಿಸಬಾರದು. ಚಕ್ರವು ಮಡ್‌ಗಾರ್ಡ್‌ಗೆ ಉಜ್ಜಿ ಟೈರ್ ಹರಿಯುವ ಹಾಗೂ ವಾಹನ ಹತೋಟಿ ತಪ್ಪುವ ಅಪಾಯವಿರುತ್ತದೆ. ಅಂತಹ ವಾಹನವನ್ನು ಸಾಗಣೆ ವಾಹನದ ಮೇಲೆ ಏರಿಸಿಯೇ ಗ್ಯಾರೇಜಿಗೆ ಕೊಂಡೊಯ್ಯತಕ್ಕದ್ದು.

ಸುರಕ್ಷತಾ ಸೂಚನೆ: ಏರ್ ಸಸ್ಪೆನ್ಷನ್ ಇರುವ ವಾಹನವು ಯಾವುದೇ ಮುನ್ಸೂಚನೆಯಿಲ್ಲದೆ ತಗ್ಗಬಹುದು. ಭದ್ರವಾದ ಸ್ಟ್ಯಾಂಡ್‌ಗಳ ಆಧಾರವಿಲ್ಲದೆ ಯಾರೂ ವಾಹನದ ಕೆಳಗೆ ಹೋಗಬಾರದು. ಜಾಕ್ ಹಾಕುವ ಮೊದಲು ತಯಾರಕರ ಕೈಪಿಡಿಯಲ್ಲಿ ಹೇಳಿರುವಂತೆ ಸ್ವಯಂಚಾಲಿತ ಎತ್ತರ ಹೊಂದಾಣಿಕೆಯನ್ನು ಸ್ಥಗಿತಗೊಳಿಸತಕ್ಕದ್ದು. ಗಾಳಿ ಕೊಳವೆಗಳನ್ನು ಬಿಚ್ಚುವ ಮೊದಲು ಒತ್ತಡವನ್ನು ಪೂರ್ಣವಾಗಿ ಇಳಿಸತಕ್ಕದ್ದು.

4. ದುರಸ್ತಿಯೇ, ಬದಲಾವಣೆಯೇ

ಒಂದು ಮೂಲೆಯಲ್ಲಿ ಸೋರಿಕೆ ಕಂಡ ಮಾತ್ರಕ್ಕೆ ಇಡೀ ವ್ಯವಸ್ಥೆ ಹಾಳಾಗಿದೆಯೆಂದು ತೀರ್ಮಾನಿಸಬಾರದು. ಸಾಬೂನು ನೀರನ್ನು ಬೆಲ್ಲೋಸ್ ಮತ್ತು ಕೊಳವೆ ಕೂಡುವ ಜಾಗಗಳಿಗೆ ಹಚ್ಚಿದಾಗ ಏಳುವ ಗುಳ್ಳೆಗಳು ಸೋರಿಕೆಯ ಸ್ಥಳವನ್ನು ತೋರಿಸುತ್ತವೆ. ನಿಯಂತ್ರಣ ಘಟಕದಲ್ಲಿ ದಾಖಲಾದ ದೋಷ ಸಂಕೇತಗಳನ್ನು ಸ್ಕ್ಯಾನರ್ ಮೂಲಕ ಓದಬಹುದು. ಈ ಎರಡು ಪರೀಕ್ಷೆಗಳು ಆಗದೆ ಯಾವ ಬಿಡಿಭಾಗವನ್ನೂ ಕೊಳ್ಳದಿರುವುದು ಲೇಸು.

ವಾಲ್ವ್ ಬ್ಲಾಕ್‌ನ ರಬ್ಬರ್ ರಿಂಗ್‌ಗಳು, ಕಂಪ್ರೆಸರ್‌ನ ಪಿಸ್ಟನ್ ಸೀಲ್, ಡ್ರೈಯರ್‌ನ ಹರಳುಗಳು ಮತ್ತು ರಿಲೇಗಳು ಅನೇಕ ಮಾದರಿಗಳಲ್ಲಿ ಬಿಡಿಯಾಗಿ ದೊರೆಯುತ್ತವೆ. ಬೆಲ್ಲೋಸ್ ಬದಲಿಸುವಾಗ ಒಂದೇ ಆಕ್ಸಲ್‌ನ ಎರಡೂ ಬದಿಯವನ್ನು ಒಟ್ಟಿಗೆ ಬದಲಿಸುವುದು ಸೂಕ್ತ. ತಯಾರಕರ ನಿರ್ದಿಷ್ಟತೆಗೆ ತಕ್ಕ ಬಿಡಿಭಾಗಗಳಿಂದ ಮಾಡಿದ ದುರಸ್ತಿಯು ವಾಹನದ ಮಾರ್ಪಾಡು ಎನಿಸುವುದಿಲ್ಲ. ಇಂತಹ ದುರಸ್ತಿಗೆ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ದುರಸ್ತಿಯ ವೆಚ್ಚವನ್ನು ಬದಲಾವಣೆಯ ವೆಚ್ಚದೊಂದಿಗೆ ಹೋಲಿಸುವಾಗ ಈ ಅಂಶವನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಬಿಡಿಭಾಗಗಳು ದೊರೆಯದಿದ್ದಾಗ, ಅಥವಾ ಬೆಲ್ಲೋಸ್, ಕಂಪ್ರೆಸರ್, ವಾಲ್ವ್ ಬ್ಲಾಕ್ ಎಲ್ಲವೂ ಒಟ್ಟಿಗೆ ಕೆಟ್ಟು ದುರಸ್ತಿಯ ವೆಚ್ಚವು ವಾಹನದ ಬೆಲೆಗೆ ಸಮೀಪಿಸಿದಾಗ, ಬದಲಾವಣೆಯನ್ನು ಪರಿಶೀಲಿಸಬಹುದು. ಆಗ ವಾಹನವು ಕೆಳಕಂಡ ಎರಡು ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದು ಮುಖ್ಯವಾಗುತ್ತದೆ.

ಮೊದಲನೆಯ ವರ್ಗ: ಅದೇ ಮಾದರಿಯನ್ನು ತಯಾರಕರೇ ಉಕ್ಕಿನ ಸ್ಪ್ರಿಂಗ್‌ನೊಂದಿಗೂ ತಯಾರಿಸಿರುವ ವಾಹನಗಳು. ಉದಾಹರಣೆಗೆ, 1998ರಿಂದ 2004ರವರೆಗೆ ತಯಾರಾದ ಎರಡನೆಯ ಪೀಳಿಗೆಯ ಲ್ಯಾಂಡ್ ರೋವರ್ ಡಿಸ್ಕವರಿಯಲ್ಲಿ ಮುಂಭಾಗಕ್ಕೆ ಕಾಯಿಲ್ ಸ್ಪ್ರಿಂಗ್ ಇದ್ದು, ಹಿಂಭಾಗಕ್ಕೆ ಕೆಲವು ಆವೃತ್ತಿಗಳಲ್ಲಿ ಏರ್ ಬೆಲ್ಲೋಸ್, ಉಳಿದವುಗಳಲ್ಲಿ ಕಾಯಿಲ್ ಸ್ಪ್ರಿಂಗ್ ಇತ್ತು. ಆಡಿ ಕ್ಯೂ7, ಪೋರ್ಷೆ ಕಯೆನ್, ಫೋಕ್ಸ್‌ವ್ಯಾಗನ್ ಟೂವರೆಗ್ ವಾಹನಗಳ ಹಳೆಯ ಪೀಳಿಗೆಗಳಲ್ಲಿಯೂ ಎರಡೂ ಬಗೆಯ ಆವೃತ್ತಿಗಳಿದ್ದವು. ಇಂತಹ ವಾಹನಗಳಲ್ಲಿ ತಯಾರಕರು ಪರೀಕ್ಷಿಸಿ ನಿಗದಿಪಡಿಸಿದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಗೂ ಎತ್ತರದ ಅಳತೆಗಳು ಲಭ್ಯವಿದ್ದು, ಬದಲಾವಣೆಗೆ ಅವು ಆಧಾರವಾಗುತ್ತವೆ.

ಎರಡನೆಯ ವರ್ಗ: ಏರ್ ಸಸ್ಪೆನ್ಷನ್‌ನೊಂದಿಗೆ ಮಾತ್ರ ತಯಾರಾದ ವಾಹನಗಳು. 1994ರಲ್ಲಿ ಬಂದ ಎರಡನೆಯ ಪೀಳಿಗೆಯ ರೇಂಜ್ ರೋವರ್ ಇದಕ್ಕೆ ಉದಾಹರಣೆ. ಇವುಗಳಿಗೆ ದೊರೆಯುವ ಕಾಯಿಲ್ ಸ್ಪ್ರಿಂಗ್ ಕಿಟ್‌ಗಳು ಅನ್ಯ ತಯಾರಕರವು. ಸ್ಪ್ರಿಂಗ್‌ನ ಬಿಗುವು, ಭಾರ ಸಾಮರ್ಥ್ಯ ಮತ್ತು ಹೊಂದುವ ಮಾದರಿ ಸಂಖ್ಯೆಯನ್ನು ಕಿಟ್ ತಯಾರಕರು ಲಿಖಿತವಾಗಿ ನೀಡದಿದ್ದಲ್ಲಿ ಅಂತಹ ಕಿಟ್ ಕೊಳ್ಳಬಾರದು.

ಬೇರೆ ವಾಹನದಿಂದ ಕಳಚಿದ ಸ್ಪ್ರಿಂಗ್‌ಗಳನ್ನು ಕತ್ತರಿಸಿ, ಬೆಸುಗೆ ಹಾಕಿ ಅಥವಾ ಕಾಯಿಸಿ ಹೊಂದಿಸುವುದು ಎರಡೂ ವರ್ಗಗಳಲ್ಲಿ ಅಪಾಯಕಾರಿ. ಕಾಯಿಸಿದ ಉಕ್ಕು ತನ್ನ ಹದವನ್ನು ಕಳೆದುಕೊಂಡು ಚಲನೆಯಲ್ಲಿರುವಾಗಲೇ ಮುರಿಯಬಹುದು.

5. ಬದಲಾವಣೆಯಿಂದ ವಾಹನದಲ್ಲಾಗುವ ವ್ಯತ್ಯಾಸಗಳು

5.1 ಭಾರ ಹೊರುವ ಗುಣ

ಕಾಯಿಲ್ ಸ್ಪ್ರಿಂಗ್‌ನ ಬಿಗುವು ಸಾಮಾನ್ಯವಾಗಿ ಸ್ಥಿರ. ಭಾರ ಹೆಚ್ಚಿದಷ್ಟೂ ವಾಹನ ತಗ್ಗುತ್ತದೆ. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಹಿಂಬದಿಯ ಪ್ರತಿ ಸ್ಪ್ರಿಂಗ್ ಮೇಲೆ ಖಾಲಿ ವಾಹನದ 500 ಕಿ.ಗ್ರಾಂ ಭಾರವಿದ್ದು, ಪ್ರಯಾಣಿಕರು ಮತ್ತು ಸಾಮಾನು ಸೇರಿ ಹಿಂಬದಿಗೆ ಒಟ್ಟು 400 ಕಿ.ಗ್ರಾಂ, ಅಂದರೆ ಪ್ರತಿ ಸ್ಪ್ರಿಂಗ್‌ಗೆ 200 ಕಿ.ಗ್ರಾಂ ಹೆಚ್ಚುವರಿ ಭಾರ ಬಿದ್ದಿತೆಂದು ಭಾವಿಸಬಹುದು. ಸ್ಪ್ರಿಂಗ್ ಅನ್ನು ಒಂದು ಮಿ.ಮೀ. ಅದುಮಲು 40 ನ್ಯೂಟನ್ ಬಲ ಬೇಕಿದ್ದಲ್ಲಿ ವಾಹನದ ಹಿಂಭಾಗ ಸುಮಾರು 49 ಮಿ.ಮೀ. ತಗ್ಗುತ್ತದೆ. ಅದೇ ಭಾರಕ್ಕೆ 60 ನ್ಯೂಟನ್ ಬಿಗುವಿನ ಸ್ಪ್ರಿಂಗ್ ಸುಮಾರು 33 ಮಿ.ಮೀ. ತಗ್ಗುತ್ತದೆ, ಆದರೆ ಖಾಲಿಯಿರುವಾಗ ವಾಹನ ಒರಟಾಗಿ ಕುಲುಕಿ, ಹಾಳಾದ ರಸ್ತೆಯಲ್ಲಿ ಟೈರ್ ನೆಲದ ಹಿಡಿತ ಬಿಡುವ ಸಂದರ್ಭಗಳು ಹೆಚ್ಚಾಗುತ್ತವೆ. ಗಾಳಿಯ ವ್ಯವಸ್ಥೆಯಲ್ಲಿ ಈ ಎರಡರ ನಡುವೆ ಆಯ್ಕೆ ಮಾಡುವ ಪ್ರಮೇಯವೇ ಇರಲಿಲ್ಲ.

ಆದಕಾರಣ ಸ್ಪ್ರಿಂಗ್ ಆಯ್ಕೆಯು ವಾಹನದ ನಿಜವಾದ ಬಳಕೆಗೆ ಅನುಗುಣವಾಗಿರಬೇಕು. ಏಳು ಜನರ ಕುಟುಂಬವನ್ನೂ ಸಾಮಾನನ್ನೂ ಹೊತ್ತು ಶಿರಾಡಿ ಅಥವಾ ಚಾರ್ಮಾಡಿ ಘಟ್ಟ ಇಳಿಯುವ ವಾಹನಕ್ಕೂ, ನಗರದಲ್ಲಿ ಒಬ್ಬರೇ ಓಡಾಡುವ ವಾಹನಕ್ಕೂ ಒಂದೇ ಸ್ಪ್ರಿಂಗ್ ಒಪ್ಪುವುದಿಲ್ಲ. ಬದಲಾವಣೆಗೆ ಮೊದಲು ವೇ ಬ್ರಿಡ್ಜ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಭಾರವನ್ನು ಪ್ರತ್ಯೇಕವಾಗಿ, ಖಾಲಿಯಾಗಿ ಒಮ್ಮೆ ಹಾಗೂ ಪೂರ್ಣ ಭಾರದೊಂದಿಗೆ ಒಮ್ಮೆ ತೂಗಿಸಿ ಚೀಟಿ ಪಡೆದಿಟ್ಟುಕೊಳ್ಳುವುದು ಉಪಯುಕ್ತ.

ಬಿಗುವಾದ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರುವ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ. ಬ್ರೇಕ್, ಆಕ್ಸಲ್ ಮತ್ತು ಟೈರ್‌ಗಳು ಮೊದಲಿನವೇ ಆಗಿರುತ್ತವೆ.

5.2 ಎತ್ತರ ಮತ್ತು ಸ್ಥಿರತೆ

ಸ್ಪ್ರಿಂಗ್ ಹಾಕಿದ ನಂತರ ವಾಹನದ ಎತ್ತರವು ತಯಾರಕರ ಸಾಮಾನ್ಯ ಚಾಲನಾ ಎತ್ತರಕ್ಕೆ ಸಮನಾಗಿರಬೇಕು. ನೋಟಕ್ಕಾಗಿ ಎತ್ತರದ ಸ್ಪ್ರಿಂಗ್ ಹಾಕಿಸುವ ಪ್ರವೃತ್ತಿ ಅಪಾಯಕಾರಿ. ವಾಹನ ಮಗುಚದೆ ನಿಲ್ಲುವ ಸಾಮರ್ಥ್ಯವನ್ನು ಎರಡು ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ ಅಳೆಯಲಾಗುತ್ತದೆ. ಅಗಲ 1.60 ಮೀಟರ್, ಗುರುತ್ವ ಕೇಂದ್ರ 0.70 ಮೀಟರ್ ಎತ್ತರದಲ್ಲಿರುವ ವಾಹನಕ್ಕೆ ಈ ಅನುಪಾತ 1.14. ವಾಹನವನ್ನು 50 ಮಿ.ಮೀ. ಎತ್ತರಿಸಿದಲ್ಲಿ ಅದು 1.07ಕ್ಕೆ ಇಳಿಯುತ್ತದೆ. ಅನುಪಾತ ಕಡಿಮೆಯಾದಷ್ಟೂ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು. ಹೆದ್ದಾರಿಯ ವೇಗದಲ್ಲಿ ತಾನಾಗಿಯೇ ತಗ್ಗುತ್ತಿದ್ದ ವಾಹನ ಇನ್ನು ಮುಂದೆ ತಗ್ಗುವುದಿಲ್ಲವೆಂಬುದನ್ನೂ ಚಾಲಕರು ನೆನಪಿನಲ್ಲಿಡಬೇಕು. ಎತ್ತರ ಮಿತಿ ಮೀರಿದಲ್ಲಿ ಬ್ರೇಕ್ ಹೋಸ್‌ಗಳು ಬಿಗಿಯುತ್ತವೆ. ಚಕ್ರಕ್ಕೆ ಶಕ್ತಿ ಸಾಗಿಸುವ ಶಾಫ್ಟ್‌ಗಳ ಕೋನ ಹೆಚ್ಚಾಗಿ ಅವುಗಳ ಜಾಯಿಂಟ್‌ಗಳು ಬೇಗ ಸವೆಯುತ್ತವೆ.

5.3 ಹೆಡ್‌ಲೈಟ್

ವಾಹನದ ಹಿಂಭಾಗ ತಗ್ಗಿದಾಗ ಹೆಡ್‌ಲೈಟ್ ಬೆಳಕು ಮೇಲಕ್ಕೆ ಹೊರಳಿ ಎದುರಿನ ಚಾಲಕರ ಕಣ್ಣು ಕುಕ್ಕುತ್ತದೆ. ಅನೇಕ ವಾಹನಗಳಲ್ಲಿ ಹೆಡ್‌ಲೈಟ್ ಮಟ್ಟವನ್ನು ಹೊಂದಿಸುವ ವ್ಯವಸ್ಥೆಯು ಸಸ್ಪೆನ್ಷನ್‌ನ ಎತ್ತರ ಸೆನ್ಸರ್‌ಗಳನ್ನೇ ಅವಲಂಬಿಸಿರುತ್ತದೆ. ಸೆನ್ಸರ್‌ಗಳನ್ನು ಕಿತ್ತುಹಾಕಿದಲ್ಲಿ ಹೆಡ್‌ಲೈಟ್ ಹೊಂದಾಣಿಕೆಯೂ ನಿಂತುಹೋಗುತ್ತದೆ. ಆದುದರಿಂದ ಸೆನ್ಸರ್‌ಗಳನ್ನು ಉಳಿಸಿಕೊಳ್ಳತಕ್ಕದ್ದು ಹಾಗೂ ಕೆಲಸ ಮುಗಿದ ನಂತರ ಹೆಡ್‌ಲೈಟ್ ದಿಕ್ಕನ್ನು ಉಪಕರಣದ ಮೂಲಕ ಪರೀಕ್ಷಿಸತಕ್ಕದ್ದು.

5.4 ಎಲೆಕ್ಟ್ರಾನಿಕ್ ಸುರಕ್ಷತಾ ವ್ಯವಸ್ಥೆಗಳು

ವಾಹನ ಜಾರದಂತೆ ತಡೆಯುವ ಸ್ಥಿರತಾ ನಿಯಂತ್ರಣ ವ್ಯವಸ್ಥೆಯನ್ನು ತಯಾರಕರು ಮೂಲ ಸಸ್ಪೆನ್ಷನ್‌ನ ಗುಣಗಳಿಗೆ ಹೊಂದಿಸಿರುತ್ತಾರೆ. ಕೆಲವು ಮಾದರಿಗಳಲ್ಲಿ ಸಸ್ಪೆನ್ಷನ್ ಘಟಕದಿಂದ ಮಾಹಿತಿ ಬಾರದಿದ್ದಲ್ಲಿ ಇತರ ವ್ಯವಸ್ಥೆಗಳೂ ದೋಷ ತೋರಿಸುತ್ತವೆ. ನಿಯಂತ್ರಣ ಘಟಕಕ್ಕೆ ಹುಸಿ ಸಂಕೇತ ಕೊಡುವ ಸಾಧನ ಹಾಕಿ, ಅಥವಾ ಎಚ್ಚರಿಕೆ ದೀಪದ ಬಲ್ಬ್ ತೆಗೆದು ದೋಷವನ್ನು ಮರೆಮಾಡುವುದು ಪರಿಹಾರವಲ್ಲ. ತಯಾರಕರ ಕಾಯಿಲ್ ಸ್ಪ್ರಿಂಗ್ ಆವೃತ್ತಿ ಇರುವ ಮಾದರಿಗಳಲ್ಲಿ ನಿಯಂತ್ರಣ ಘಟಕದ ಸಂರಚನೆಯನ್ನು ಆ ಆವೃತ್ತಿಗೆ ಬದಲಿಸಲು ಸಾಧ್ಯವೇ ಎಂದು ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

6. ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಮಿನ ಮೇರೆಗೆ, ನೋಂದಣಿ ಪ್ರಮಾಣ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಂದ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯನ್ನು ಈ ಕಲಂ ಮಾರ್ಪಾಡು ಎಂದು ವಿವರಿಸುತ್ತದೆ. ಪ್ರಾಧಿಕಾರದ ಅನುಮೋದನೆಯಿಲ್ಲದೆ ಮಾರ್ಪಾಡು ಆಗಿದ್ದಲ್ಲಿ, ಮಾಲೀಕರು 14 ದಿನಗಳೊಳಗೆ ತಾವು ವಾಸಿಸುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನಿಗದಿತ ಶುಲ್ಕದೊಂದಿಗೆ ನೋಂದಣಿ ಪ್ರಮಾಣ ಪತ್ರವನ್ನು ಸಲ್ಲಿಸತಕ್ಕದ್ದು. ಈ ಅವಕಾಶವು ವರದಿ ಮಾಡುವ ಹೊಣೆಯನ್ನು ವಿಧಿಸುತ್ತದೆಯೇ ಹೊರತು, ಕಾನೂನು ಒಪ್ಪದ ಮಾರ್ಪಾಡನ್ನು ಸಕ್ರಮಗೊಳಿಸುವುದಿಲ್ಲ.

ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ 2019ರ ಜನವರಿ 9ರಂದು ನೀಡಿದ ತೀರ್ಪಿನಲ್ಲಿ, ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ವಾಹನಗಳನ್ನು ಮಾರ್ಪಡಿಸಲಾಗದೆಂದು ಸ್ಪಷ್ಟಪಡಿಸಿದೆ.

2019ರ ತಿದ್ದುಪಡಿ ಅಧಿನಿಯಮದ ಮೂಲಕ ಸೇರಿಸಲಾದ 182ಎ ಕಲಮಿನ ನಾಲ್ಕನೆಯ ಉಪಕಲಂ, ಕಾನೂನು ಅನುಮತಿಸದ ರೀತಿಯಲ್ಲಿ, ಬಿಡಿಭಾಗಗಳ ಮರುಜೋಡಣೆಯೂ ಸೇರಿದಂತೆ, ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ಜುಲ್ಮಾನೆ ಅಥವಾ ಎರಡನ್ನೂ ಗೊತ್ತುಪಡಿಸಿತು. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು 190ನೇ ಕಲಮಿನ ಮೇರೆಗೆ ಅಪರಾಧ.

ನೋಂದಣಿ ಪ್ರಮಾಣ ಪತ್ರದಲ್ಲಿ ವಾಹನದ ವರ್ಗ, ಬಾಡಿಯ ವಿಧ, ಚಾಸಿಸ್ ಮತ್ತು ಇಂಜಿನ್ ಸಂಖ್ಯೆ, ಆಸನ ಸಂಖ್ಯೆ, ವೀಲ್ ಬೇಸ್, ಖಾಲಿ ತೂಕ, ಬಣ್ಣ ಮುಂತಾದ ವಿವರಗಳಿರುತ್ತವೆ. 52ನೇ ಕಲಂ ಸಸ್ಪೆನ್ಷನ್ ಅನ್ನು ಹೆಸರಿಸಿ ಏನನ್ನೂ ಹೇಳುವುದಿಲ್ಲ. ಇದರಿಂದ, ಸ್ಪ್ರಿಂಗ್ ಬದಲಾವಣೆಗೆ ಯಾವ ನಿರ್ಬಂಧವೂ ಇಲ್ಲವೆಂದು ಗ್ಯಾರೇಜುಗಳು ಭರವಸೆ ಕೊಡುವುದುಂಟು. ಅಂತಹ ಬಾಯಿಮಾತಿನ ಭರವಸೆಯನ್ನು ನೆಚ್ಚಬಾರದು. ಒಂದು ನಿರ್ದಿಷ್ಟ ಬದಲಾವಣೆಯು ಮೂಲ ನಿರ್ದಿಷ್ಟತೆಗೆ ಭಿನ್ನವೇ ಅಲ್ಲವೇ ಎಂಬುದು ವಾಹನದ ಮಾದರಿ, ಹಾಕುವ ಬಿಡಿಭಾಗ ಹಾಗೂ ಕೆಲಸದ ಸ್ವರೂಪವನ್ನು ಅವಲಂಬಿಸಿದ್ದು, ಅದನ್ನು ನಿರ್ಧರಿಸುವ ಅಧಿಕಾರ ಗ್ಯಾರೇಜಿಗೆ ಇರುವುದಿಲ್ಲ. ಚಾಸಿಸ್‌ಗೆ ಬೆಸುಗೆ ಹಾಕುವ, ಕತ್ತರಿಸುವ ಅಥವಾ ವಾಹನದ ಎತ್ತರವನ್ನು ಹೆಚ್ಚಿಸುವ ಕೆಲಸವು ರಚನೆಯ ಬದಲಾವಣೆಯೆನಿಸುವ ಸಾಧ್ಯತೆ ಹೆಚ್ಚು.

7. ಅನುಸರಿಸಬೇಕಾದ ಕ್ರಮ

ಹಂತ 1: ದೋಷ ಪರೀಕ್ಷೆ ಮಾಡಿಸಿ ಲಿಖಿತ ವರದಿ ಹಾಗೂ ದುರಸ್ತಿಯ ಅಂದಾಜು ಪಟ್ಟಿ ಪಡೆಯುವುದು.

ಹಂತ 2: ತಯಾರಕರ ಅಧಿಕೃತ ಸೇವಾ ಕೇಂದ್ರದಿಂದ, ಅದೇ ಮಾದರಿಗೆ ಕಾಯಿಲ್ ಸ್ಪ್ರಿಂಗ್ ಆವೃತ್ತಿ ಇತ್ತೇ, ಇದ್ದಲ್ಲಿ ಅದರ ಬಿಡಿಭಾಗ ಸಂಖ್ಯೆಗಳೇನು ಎಂಬ ಮಾಹಿತಿ ಪಡೆಯುವುದು.

ಹಂತ 3: ವಾಹನ ಸಾಲದ ಮೇಲಿದ್ದಲ್ಲಿ ಹಣಕಾಸು ಸಂಸ್ಥೆಯ ಲಿಖಿತ ಸಮ್ಮತಿ ಪಡೆಯುವುದು.

ಹಂತ 4: ಕೆಲಸ ಆರಂಭಿಸುವ ಮೊದಲು ಸಂಬಂಧಪಟ್ಟ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿ, ಉದ್ದೇಶಿತ ಬದಲಾವಣೆಗೆ ಅನುಮೋದನೆ ಅಗತ್ಯವೇ ಮತ್ತು ಅದನ್ನು ಮಾಡಲು ಅವಕಾಶವಿದೆಯೇ ಎಂಬ ಬಗ್ಗೆ ಉತ್ತರ ಕೋರುವುದು. ಮನವಿಗೆ ಸ್ವೀಕೃತಿ ಪಡೆಯುವುದು. ಉತ್ತರ ಬರುವವರೆಗೆ ಬಿಡಿಭಾಗಗಳಿಗೆ ಹಣ ಪಾವತಿಸದಿರುವುದು.

ಹಂತ 5: ಅವಕಾಶವಿದ್ದಲ್ಲಿ, ಒಂದೇ ಮೂಲದ ಹೊಂದಾಣಿಕೆಯ ಬಿಡಿಭಾಗಗಳನ್ನು ಒಟ್ಟಾಗಿ ಅಳವಡಿಸುವುದು. ಒಂದು ಆಕ್ಸಲ್‌ನ ಒಂದು ಬದಿಗೆ ಗಾಳಿ, ಮತ್ತೊಂದು ಬದಿಗೆ ಸ್ಪ್ರಿಂಗ್ ಎಂಬ ತಾತ್ಕಾಲಿಕ ವ್ಯವಸ್ಥೆ ಮಾಡಬಾರದು. ಶಾಕ್ ಅಬ್ಸಾರ್ಬರ್‌ಗಳೂ ಹೊಸ ಸ್ಪ್ರಿಂಗ್‌ಗೆ ತಕ್ಕವಾಗಿರಬೇಕು.

ಹಂತ 6: ಕೆಲಸ ಮುಗಿದ ನಂತರ ನಾಲ್ಕೂ ಚಕ್ರಗಳ ಬಳಿ ಎತ್ತರ ಅಳೆಯುವುದು, ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ದಿಕ್ಕು, ಬ್ರೇಕ್ ಹೋಸ್ ಹಾಗೂ ದೋಷ ಸಂಕೇತಗಳನ್ನು ಪರೀಕ್ಷಿಸುವುದು, ಪೂರ್ಣ ಭಾರದೊಂದಿಗೆ ಕಡಿಮೆ ವೇಗದಲ್ಲಿ ಚಲಾಯಿಸಿ ನೋಡುವುದು. ಸ್ವಲ್ಪ ದೂರ ಓಡಿದ ಬಳಿಕ ನಟ್ ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸುವುದು.

ಹಂತ 7: ಪ್ರಾಧಿಕಾರವು ಸೂಚಿಸಿದಲ್ಲಿ ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಪರಿಶೀಲನೆಗೆ ಹಾಜರುಪಡಿಸುವುದು ಹಾಗೂ ವಿಮಾ ಕಂಪನಿಗೆ ಬದಲಾವಣೆಯ ವಿವರಗಳನ್ನು ಲಿಖಿತವಾಗಿ ತಿಳಿಸುವುದು.

8. ಮನವಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

1) ನೋಂದಣಿ ಪ್ರಮಾಣ ಪತ್ರದ ಪ್ರತಿ
2) ಚಾಲ್ತಿಯಲ್ಲಿರುವ ವಿಮಾ ಪ್ರಮಾಣ ಪತ್ರ
3) ಚಾಲ್ತಿಯಲ್ಲಿರುವ ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ
4) ಅರ್ಜಿದಾರರ ಗುರುತು ಮತ್ತು ವಿಳಾಸದ ದಾಖಲೆ
5) ದೋಷ ಪರೀಕ್ಷಾ ವರದಿ
6) ಅಳವಡಿಸಲು ಉದ್ದೇಶಿಸಿರುವ ಬಿಡಿಭಾಗಗಳ ತಯಾರಕರ ಹೆಸರು, ಸಂಖ್ಯೆ ಮತ್ತು ಭಾರ ಸಾಮರ್ಥ್ಯದ ವಿವರ
7) ಹಣಕಾಸು ಸಂಸ್ಥೆಯ ಸಮ್ಮತಿ ಪತ್ರ, ಅನ್ವಯಿಸಿದಲ್ಲಿ

ಪ್ರಾಧಿಕಾರವು ಅಗತ್ಯವೆನಿಸಿದ ಇತರ ದಾಖಲೆಗಳನ್ನೂ ಕೇಳಬಹುದು. ಕೆಲಸದ ನಂತರ ಗ್ಯಾರೇಜಿನ ಜಿಎಸ್‌ಟಿ ಬಿಲ್, ಅಲೈನ್‌ಮೆಂಟ್ ವರದಿ, ವೇ ಬ್ರಿಡ್ಜ್ ಚೀಟಿ ಹಾಗೂ ಪ್ರಾಧಿಕಾರದ ಉತ್ತರವನ್ನು ವಾಹನದ ಕಡತದಲ್ಲಿ ಒಟ್ಟಿಗೆ ಇಡತಕ್ಕದ್ದು.

9. ನೋಂದಣಿ ನವೀಕರಣ

ಖಾಸಗಿ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರ ಪ್ರತಿ ಬಾರಿ 5 ವರ್ಷಗಳಿಗೆ ನವೀಕರಿಸಲು ಅವಕಾಶವಿದೆ. ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ 60 ದಿನಗಳಿಗಿಂತ ಮುಂಚಿತವಲ್ಲದಂತೆ ಸಲ್ಲಿಸತಕ್ಕದ್ದು. ಈ ಹಂತದಲ್ಲಿ ವಾಹನದ ತಪಾಸಣೆ ನಡೆಯುತ್ತದೆ. ಏರ್ ಸಸ್ಪೆನ್ಷನ್ ಕೆಡುವ ವಯಸ್ಸೂ ನವೀಕರಣದ ವಯಸ್ಸೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ಮಾಲೀಕರು ಕೊನೆಯ ವಾರದವರೆಗೆ ಕಾಯದೆ ಮುಂಚಿತವಾಗಿಯೇ ಸಸ್ಪೆನ್ಷನ್ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಎಚ್ಚರಿಕೆ ದೀಪ ಉರಿಯುತ್ತಿರುವ, ಒಂದು ಬದಿಗೆ ವಾಲಿರುವ ಅಥವಾ ಹೆಡ್‌ಲೈಟ್ ದಿಕ್ಕು ತಪ್ಪಿರುವ ವಾಹನವನ್ನು ತಪಾಸಣೆಗೆ ತಂದಲ್ಲಿ ಮರು ತಪಾಸಣೆಗೆ ಮತ್ತೆ ಬರಬೇಕಾಗಬಹುದು.

10. ಹಳೆಯ ಎಸ್‌ಯುವಿ ಖರೀದಿಸುವವರ ಗಮನಕ್ಕೆ

ಮೂಲತಃ ಏರ್ ಸಸ್ಪೆನ್ಷನ್ ಇದ್ದ ವಾಹನವನ್ನು ಕೊಳ್ಳುವ ಮೊದಲು ವಾಹನವನ್ನು ಒಂದು ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬೆಳಿಗ್ಗೆ ನಾಲ್ಕೂ ಮೂಲೆಗಳ ಎತ್ತರ ನೋಡತಕ್ಕದ್ದು. ಇಂಜಿನ್ ಚಾಲೂ ಮಾಡಿದಾಗ ಸಸ್ಪೆನ್ಷನ್ ಎಚ್ಚರಿಕೆ ದೀಪ ಒಮ್ಮೆ ಬೆಳಗಿ ಆರಬೇಕು. ಬೆಳಗದೇ ಇದ್ದಲ್ಲಿ ದೀಪವನ್ನು ನಿಷ್ಕ್ರಿಯಗೊಳಿಸಿರುವ ಅನುಮಾನಕ್ಕೆ ಎಡೆಯಿದೆ. ಈಗಾಗಲೇ ಸ್ಪ್ರಿಂಗ್‌ಗೆ ಬದಲಾಗಿದ್ದಲ್ಲಿ ಮಾರಾಟಗಾರರಿಂದ ಬಿಲ್ ಮತ್ತು ಪ್ರಾಧಿಕಾರದೊಂದಿಗೆ ನಡೆದ ಪತ್ರವ್ಯವಹಾರದ ಪ್ರತಿ ಕೇಳಿ ಪಡೆಯತಕ್ಕದ್ದು. ವರ್ಗಾವಣೆಯ ನಂತರ ವಾಹನದ ಸ್ಥಿತಿಗೆ ಹೊಸ ಮಾಲೀಕರೇ ಉತ್ತರ ಹೇಳಬೇಕಾಗುತ್ತದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಲ್ಲೋಸ್ ಮಾತ್ರ ಹೊಸದಾಗಿ ಹಾಕಿಸಿದಲ್ಲಿ ಅನುಮೋದನೆ ಬೇಕೇ?
ಉತ್ತರ: ಮೂಲ ನಿರ್ದಿಷ್ಟತೆಯ ಬಿಡಿಭಾಗದಿಂದ ಮಾಡಿದ ದುರಸ್ತಿಗೆ ಬೇಕಿಲ್ಲ. ಬಿಲ್ ಇಟ್ಟುಕೊಳ್ಳುವುದು ಸಾಕು.

ಪ್ರಶ್ನೆ: ತಯಾರಕರೇ ಕಾಯಿಲ್ ಸ್ಪ್ರಿಂಗ್ ಆವೃತ್ತಿ ಮಾರಿದ್ದಾರೆ. ಆದರೂ ಕೇಳಬೇಕೇ?
ಉತ್ತರ: ಕೇಳುವುದು ಸೂಕ್ತ. ನೋಂದಣಿಯಾದ ವಾಹನ ಯಾವ ಆವೃತ್ತಿಯದೋ ಅದರ ನಿರ್ದಿಷ್ಟತೆಯೇ ಅದಕ್ಕೆ ಅನ್ವಯಿಸುತ್ತದೆ. ಬಿಡಿಭಾಗ ಸಂಖ್ಯೆಗಳನ್ನು ಲಗತ್ತಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

ಪ್ರಶ್ನೆ: ಅಪಘಾತವಾದಲ್ಲಿ ವಿಮೆ ದೊರೆಯುವುದೇ?
ಉತ್ತರ: ಅದು ಪಾಲಿಸಿಯ ಷರತ್ತುಗಳನ್ನು ಅವಲಂಬಿಸಿದೆ. ತಿಳಿಸದೆ ಮಾಡಿದ ಬದಲಾವಣೆಯು ಸ್ವಂತ ಹಾನಿಯ ಪರಿಹಾರದ ವೇಳೆ ವಿವಾದಕ್ಕೆ ಕಾರಣವಾಗಬಹುದು. ಆದುದರಿಂದ ಮುಂಚಿತವಾಗಿ ಲಿಖಿತವಾಗಿ ತಿಳಿಸಿ, ಉತ್ತರ ಪಡೆದಿಟ್ಟುಕೊಳ್ಳತಕ್ಕದ್ದು.

ಪ್ರಶ್ನೆ: ಈಗಾಗಲೇ ಬದಲಾವಣೆ ಮಾಡಿಸಿಯಾಗಿದೆ. ಏನು ಮಾಡಬೇಕು?
ಉತ್ತರ: ವಿಳಂಬ ಮಾಡದೆ ಲಭ್ಯವಿರುವ ಬಿಲ್ ಮತ್ತು ವಿವರಗಳೊಂದಿಗೆ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ಮೂಲ ವ್ಯವಸ್ಥೆಯನ್ನು ಮರಳಿ ಅಳವಡಿಸಬೇಕೆಂಬ ಸೂಚನೆ ಬಂದಲ್ಲಿ ನೆರವಾಗುವಂತೆ ಕಳಚಿದ ಕಂಪ್ರೆಸರ್, ಟ್ಯಾಂಕ್ ಮತ್ತು ವಾಲ್ವ್ ಬ್ಲಾಕ್ ಅನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳುವುದು ಕ್ಷೇಮ.

12. ಸೂಚನೆ

ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾಗಿದೆ. ಲೆಕ್ಕಗಳಲ್ಲಿ ಬಳಸಿರುವ ತೂಕ ಮತ್ತು ಅಳತೆಗಳು ಉದಾಹರಣೆಗೆ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ ಮತ್ತು ನಿಯಮಗಳ ಮೂಲ ಪಠ್ಯವೇ ಅನ್ವಯಿಸುತ್ತದೆ. ಶುಲ್ಕ ಹಾಗೂ ನಮೂನೆಗಳ ಬಗ್ಗೆ ಅರ್ಜಿ ಸಲ್ಲಿಸುವ ದಿನದಂದು ಚಾಲ್ತಿಯಲ್ಲಿರುವ ವಿವರಗಳನ್ನು ಪರಿವಾಹನ್ ಜಾಲತಾಣದಲ್ಲಿ ಅಥವಾ ಆಯಾ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಅರ್ಜಿದಾರರು ಮಧ್ಯವರ್ತಿಗಳನ್ನು ಆಶ್ರಯಿಸದೆ ನೇರವಾಗಿ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.